ಓದುಗರ ಪ್ರಶ್ನೆ, ನಮ್ಮ ಉತ್ತರ: ಇದು ಹತ್ತಿಯಾ, ಪಾಲಿಯೆಸ್ಟರಾ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ ಕೇಳುತ್ತಿವೆ. ಕೈಯಲ್ಲಿರುವ ಬಟ್ಟೆ ಯಾವ ನಾರಿನದ್ದು ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇನೆ. ಶುರುವಿಗೇ ಒಂದು ಮಾತು: ಬಟ್ಟೆ ನೋಡಿ ತೀರ್ಮಾನ ಮಾಡಬೇಡಿ, ಎಳೆ ಬಿಚ್ಚಿ ನೋಡಿ. ನೇಯ್ಗೆ, ಬಣ್ಣ, ಗಂಜಿ, ಮೇಲೆ ಕೊಟ್ಟ ಹೊಳಪು ಎಲ್ಲ ಸೇರಿ ಕಣ್ಣಿಗೂ ಕೈಗೂ ಮೋಸ ಮಾಡುತ್ತವೆ. ಒಂಟಿ ಎಳೆಗೆ ಅಷ್ಟು ಸುಲಭವಾಗಿ ಮೋಸ ಮಾಡಲು ಬರುವುದಿಲ್ಲ.

ಪ್ರಶ್ನೆ: ‘ಶುದ್ಧ ಹತ್ತಿ’ ಅಂತ ಎರಡು ಹಾಸಿಗೆ ಹೊದಿಕೆ ತಂದೆ. ಒಂದು ಒಗೆದು ಹಾಕಿದರೆ ಬಹಳ ಬೇಗ ಒಣಗುತ್ತದೆ, ಸುಕ್ಕೇ ಬೀಳುವುದಿಲ್ಲ, ಆದರೆ ಮೈಮೇಲೆಲ್ಲ ಸಣ್ಣ ಸಣ್ಣ ಉಂಡೆ ಎದ್ದಿವೆ. ಇನ್ನೊಂದು ಹಾಗಿಲ್ಲ. ಮುಟ್ಟಿದರೆ ಎರಡೂ ಒಂದೇ ಥರ. ಮೊದಲನೆಯದರಲ್ಲಿ ಪಾಲಿಯೆಸ್ಟರ್ ಬೆರೆಸಿದ್ದಾರಾ?

ಬೆರೆಸಿರುವ ಸಾಧ್ಯತೆಯೇ ಜಾಸ್ತಿ. ನೀವು ಬರೆದ ಮೂರೂ ಲಕ್ಷಣ ಅದನ್ನೇ ಹೇಳುತ್ತಿವೆ.

ಬೇಗ ಒಣಗುವುದನ್ನೇ ಮೊದಲು ನೋಡೋಣ. ಹತ್ತಿಯ ನಾರು ನೀರು ಕುಡಿಯುತ್ತದೆ, ಪಾಲಿಯೆಸ್ಟರ್ ಕುಡಿಯುವುದಿಲ್ಲ. ಒದ್ದೆ ಮಾಡುವುದೇ ಬೇಡ, ಮಾಮೂಲಿ ಗಾಳಿಯಲ್ಲಿ ಸುಮ್ನೆ ಇಟ್ಟಿದ್ದರೂ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ಹೀರಿ ಇಟ್ಟುಕೊಂಡಿರುತ್ತದೆ. ರೇಷ್ಮೆ 11 ಗ್ರಾಂ, ಉಣ್ಣೆ ಅದಕ್ಕಿಂತಲೂ ಹೆಚ್ಚು, 16 ಗ್ರಾಂ ಹತ್ತಿರ. ನೈಲಾನ್ 4 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಪಾಲಿಯೆಸ್ಟರ್ ಬಟ್ಟೆ ಒದ್ದೆಯಾದಾಗ ನೀರು ಎಳೆಗಳ ಸಂದಿಯಲ್ಲಿ ನಿಂತಿರುತ್ತದೆ ಅಷ್ಟೇ, ನಾರಿನ ಒಳಗೆ ಹೋಗಿರುವುದಿಲ್ಲ. ಅದಕ್ಕೇ ಕೊಡವಿ ಹರವಿದರೆ ಹಾರಿಹೋಗುತ್ತದೆ. ಒಣ ಹವೆಯಲ್ಲಿ ಸಿಂಥೆಟಿಕ್ ಅಂಗಿ ಬಿಚ್ಚುವಾಗ ಚಟಚಟ ಅನ್ನುವುದು, ಮೈಗೆ ಅಂಟಿಕೊಳ್ಳುವುದು ಕೂಡ ಇದೇ ಕಾರಣಕ್ಕೆ. ತೇವ ಇಲ್ಲದ ಕಡೆ ವಿದ್ಯುತ್ತಿನ ಚಾರ್ಜ್ ಹರಿದು ಹೋಗಲು ದಾರಿ ಇರುವುದಿಲ್ಲ.

ಇನ್ನು ಉಂಡೆ. ಉಜ್ಜಾಟಕ್ಕೆ ನಾರಿನ ತುದಿಗಳು ಹೊರಗೆ ಬಂದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಇದು ಹತ್ತಿಯಲ್ಲೂ ಆಗುತ್ತದೆ. ಆದರೆ ಹತ್ತಿಯ ನಾರು ಬೇಗ ತುಂಡಾಗಿ ಆ ಉಂಡೆ ಉದುರಿಹೋಗುತ್ತದೆ. ಪಾಲಿಯೆಸ್ಟರ್ ನಾರು ಗಟ್ಟಿ, ಬಿಡುವುದಿಲ್ಲ. ಉಂಡೆ ಅಲ್ಲೇ ಜೋತುಬಿದ್ದಿರುತ್ತದೆ, ಮತ್ತೆ ಹತ್ತಿಯ ತುಣುಕುಗಳನ್ನೂ ಸೇರಿಸಿಕೊಂಡು ದಪ್ಪ ಆಗುತ್ತದೆ.

ಸುಕ್ಕಿನ ಪರೀಕ್ಷೆ ನಿಮಗೆ ಗೊತ್ತೇ ಇದೆ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡಿ. ಹತ್ತಿ, ಲಿನನ್ ಆದರೆ ಗೆರೆಗಳು ಹಾಗೇ ಉಳಿಯುತ್ತವೆ, ಪಾಲಿಯೆಸ್ಟರ್ ಬಿಚ್ಚಿಕೊಳ್ಳುತ್ತದೆ. ಆದರೆ ಇದೊಂದನ್ನೇ ನಂಬಬೇಡಿ. ಹತ್ತಿ ಬಟ್ಟೆಗೇ ರಾಳದ ಲೇಪ ಕೊಟ್ಟು ಸುಕ್ಕು ಬೀಳದ ಹಾಗೆ ಮಾಡುವುದು ಎಷ್ಟೋ ವರ್ಷಗಳಿಂದ ಇದೆ. ನೀರಿನ ಹನಿ ಬಿಟ್ಟು ನೋಡುವುದೂ ಹೀಗೇ. ಹತ್ತಿ ಆದರೆ ಹೀರುತ್ತದೆ, ಪಾಲಿಯೆಸ್ಟರ್ ಆದರೆ ಹನಿ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೊಸ, ಬಿಳಿಚಿಸದ ಹತ್ತಿಯಲ್ಲಿ ಅದರದ್ದೇ ಮೇಣದ ಪದರ ಇರುತ್ತದೆ, ಹನಿ ಉರುಳಿ ಹೋಗುತ್ತದೆ. ಆಟದ ಉಡುಪಿನ ಪಾಲಿಯೆಸ್ಟರ್ ನೀರನ್ನು ಕ್ಷಣದಲ್ಲಿ ಹರಡಿಬಿಡುತ್ತದೆ. ಆ ಥರ ಆಗಲಿ ಅಂತಲೇ ಅದನ್ನು ತಯಾರಿಸಿರುತ್ತಾರೆ.

ಹಾಗಾದರೆ ಏನು ಮಾಡುವುದು? ಹೊಲಿಗೆಯ ಒಳಗಡೆ, ಮಡಚಿದ ಅಂಚಿನಿಂದ ಒಂದು ನೂಲು ಎಳೆದುಕೊಳ್ಳಿ. ಎರಡು ತುದಿ ಹಿಡಿದು, ತಿರುಚಿರುವುದಕ್ಕೆ ಉಲ್ಟಾ ತಿರುಗಿಸುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ನೂಲು ಸಡಿಲವಾಗಿ, ಮೆಲ್ಲಗೆ ಎಳೆದರೆ ನಾರುಗಳು ಜಾರಿ ಬೇರೆಯಾಗುತ್ತವೆ. ಕಪ್ಪು ಕಾಗದದ ಮೇಲೆ ಹರವಿ. ಹತ್ತಿಯ ನಾರುಗಳು ಎರಡು, ಎರಡೂವರೆ, ಮೂರು ಸೆಂಟಿಮೀಟರ್, ಹೀಗೆ ಒಂದೊಂದು ಒಂದೊಂದು ಉದ್ದ. ಹೊಳಪಿಲ್ಲ, ಸ್ವಲ್ಪ ವಕ್ರ. ಪಾಲಿಯೆಸ್ಟರನ್ನು ಹತ್ತಿಯ ಜೊತೆ ಬೆರೆಸುವಾಗ ಸಾಮಾನ್ಯವಾಗಿ 38 ಮಿಲಿಮೀಟರಿಗೆ ಕತ್ತರಿಸಿರುತ್ತಾರೆ. ಹಾಗಾಗಿ ಕೆಲವು ನಾರು ಹೆಚ್ಚು ಉದ್ದ, ಒಂದೇ ಅಳತೆ, ನುಣುಪು, ಬೆಳಕಿಗೆ ಹಿಡಿದರೆ ಮಿಂಚು ಇದ್ದರೆ ಅನುಮಾನಪಡಿ. ನಾರೇ ಬಿಡಿಯಾಗದೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉದ್ದಕ್ಕೆ ಬಂದರೆ ಅದು ಹತ್ತಿಯಾಗಲು ಸಾಧ್ಯವೇ ಇಲ್ಲ. ಹತ್ತಿ ಅಷ್ಟುದ್ದ ಬೆಳೆಯುವುದಿಲ್ಲ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಬೆಂಕಿ ಇದ್ದೇ ಇದೆ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ಸುಟ್ಟು ನೋಡಿದರೆ ಖಚಿತವಾಗಿ ಗೊತ್ತಾಗುತ್ತೆ ಅಂತಾರೆ. ಹೇಗೆ ಸುಡಬೇಕು, ಏನನ್ನು ನೋಡಬೇಕು? ಮನೆಯಲ್ಲಿ ಮಾಡಬಹುದಾ?

ಮಾಡಬಹುದು, ದೊಡ್ಡವರು ಮಾತ್ರ. ಅಲ್ಲದೆ ಸುಡಬೇಕಾದ್ದು ನಾಲ್ಕೈದು ಸೆಂಟಿಮೀಟರ್ ನೂಲು, ಬಟ್ಟೆಯ ತುಂಡಲ್ಲ. ಕೆಳಗೆ ಲೋಹದ ತಟ್ಟೆ, ಪಕ್ಕದಲ್ಲಿ ಒಂದು ಬಟ್ಟಲು ನೀರು, ನೂಲು ಹಿಡಿಯಲು ಚಿಮುಟ, ಕಿಟಕಿ ತೆರೆದಿರಲಿ, ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಬೆರಳಲ್ಲಿ ಹಿಡಿದು ಸುಡಬೇಡಿ. ಸಿಂಥೆಟಿಕ್ ನೂಲು ಕರಗಿ ತೊಟ್ಟಿಕ್ಕುತ್ತದೆ, ಆ ಹನಿ ಚರ್ಮಕ್ಕೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಬೆಂಕಿಕಡ್ಡಿಗಿಂತ ಮೇಣದಬತ್ತಿ ಒಳ್ಳೆಯದು, ಯಾಕೆಂದರೆ ಕಡ್ಡಿಯ ವಾಸನೆಯೇ ನಿಮ್ಮ ಮೂಗನ್ನು ತುಂಬಿಬಿಡುತ್ತದೆ.

ನೂಲನ್ನು ಪಕ್ಕದಿಂದ ನಿಧಾನವಾಗಿ ಜ್ವಾಲೆಯ ಹತ್ತಿರ ತನ್ನಿ. ಗಮನ ಇಡಬೇಕಾದ್ದು ಇಲ್ಲಿಂದಲೇ, ಇನ್ನೂ ಬೆಂಕಿ ತಾಗುವ ಮೊದಲೇ.

ಹತ್ತಿಯ ನೂಲು ಹತ್ತಿರ ಬಂದರೂ ಹಿಂದೆ ಸರಿಯುವುದಿಲ್ಲ. ತಾಗಿದ ತಕ್ಷಣ ಹಳದಿ ಜ್ವಾಲೆಯಲ್ಲಿ ಸಲೀಸಾಗಿ ಉರಿಯುತ್ತದೆ. ಹೊರಗೆ ತೆಗೆದರೂ ಉರಿಯುತ್ತಲೇ ಇರುತ್ತದೆ. ಊದಿ ಆರಿಸಿದ ಮೇಲೆ ಒಂದು ಕೆಂಡದ ಚುಕ್ಕಿ ನೂಲಿನ ಉದ್ದಕ್ಕೂ ಮೆಲ್ಲಗೆ ತೆವಳುತ್ತಾ ಹೋಗುತ್ತದೆ. ಕಾಗದ ಸುಟ್ಟ ವಾಸನೆ. ಕೊನೆಗೆ ಉಳಿಯುವುದು ಬೂದು ಬಣ್ಣದ ಹಗುರ ಬೂದಿ, ಮುಟ್ಟಿದರೆ ಹಾರಿಹೋಗುತ್ತದೆ. ಹತ್ತಿ ಹೆಚ್ಚು ಕಡಿಮೆ ಪೂರ್ತಿ ಸೆಲ್ಯುಲೋಸ್, ಕಾಗದವೂ ಅದೇ. ಅದಕ್ಕೇ ಅದೇ ವಾಸನೆ. ಲಿನನ್, ಸೆಣಬು, ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಎಲ್ಲ ಹೀಗೇ ಉರಿಯುತ್ತವೆ, ಹಾಗಾಗಿ ಇವುಗಳನ್ನು ಒಂದರಿಂದೊಂದು ಬೇರೆ ಮಾಡಲು ಬೆಂಕಿ ಉಪಯೋಗಕ್ಕೆ ಬರುವುದಿಲ್ಲ.

ಪಾಲಿಯೆಸ್ಟರ್ ನೂಲಿನ ತುದಿ ಜ್ವಾಲೆ ತಾಗುವ ಮೊದಲೇ ಮುದುಡಿ ಹಿಂದಕ್ಕೆ ಓಡುತ್ತದೆ. ಬೆಂಕಿಗೆ ಹೆದರಿದ ಹಾಗೆ. ಆಮೇಲೆ ಕರಗಿ ಗುಂಡಗಾಗಿ, ಕಪ್ಪು ಹೊಗೆ ಬಿಡುತ್ತಾ ಉರಿಯುತ್ತದೆ. ಹೊಗೆಯಲ್ಲಿ ಮಸಿಯ ಚೂರುಗಳು ತೇಲುವುದು ಕಾಣುತ್ತದೆ. ವಾಸನೆ ಸ್ವಲ್ಪ ಸಿಹಿ ಬೆರೆತ ಪ್ಲಾಸ್ಟಿಕ್ಕಿನದ್ದು. ಆರಿದ ಮೇಲೆ ತುದಿಯಲ್ಲಿ ಒಂದು ಗಟ್ಟಿ ಮಣಿ ಉಳಿಯುತ್ತದೆ. ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಉಗುರಿನಿಂದ ಒತ್ತಿ. ಪುಡಿಯಾಗುವುದಿಲ್ಲ. ನೈಲಾನ್ ಕೂಡ ಹೀಗೇ ಹಿಂದೆ ಸರಿದು ಕರಗುತ್ತದೆ, ಆದರೆ ಮಸಿ ಕಡಿಮೆ, ಮಣಿ ಬೂದು ಅಥವಾ ಕಂದು ಬಣ್ಣಕ್ಕೆ ಇರುತ್ತದೆ. ಇವೆರಡರಲ್ಲಿ ಯಾವುದು ಅಂತ ಬರೀ ಬೆಂಕಿಯಿಂದ ಹೇಳಲು ಅನುಭವ ಬೇಕು. ಅಕ್ರಿಲಿಕ್ ಮಾತ್ರ ಭಗ್ ಅಂತ ಹತ್ತಿಕೊಳ್ಳುತ್ತದೆ, ಕರಗುತ್ತಾ ಉರಿಯುತ್ತದೆ, ಘಾಟು ವಾಸನೆ, ಕೊನೆಗೆ ಅಂಕುಡೊಂಕಾದ ಕಪ್ಪು ಗಟ್ಟಿ ಉಂಡೆ.

ಉಣ್ಣೆ, ರೇಷ್ಮೆಯ ದಾರಿಯೇ ಬೇರೆ. ಎರಡೂ ಪ್ರೋಟೀನ್. ಜ್ವಾಲೆಯಲ್ಲಿ ಇಟ್ಟಿರುವಷ್ಟು ಹೊತ್ತು ಚುರುಚುರು ಅನ್ನುತ್ತಾ ಸುರುಟಿಕೊಂಡು ಉರಿಯುತ್ತವೆ, ಹೊರಗೆ ತೆಗೆದರೆ ಬಹುತೇಕ ತಾವೇ ಆರಿಬಿಡುತ್ತವೆ. ಕೂದಲು ಸುಟ್ಟ ವಾಸನೆ, ಒಮ್ಮೆ ಮೂಗಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಉಣ್ಣೆಯಲ್ಲಿ ಗಂಧಕದ ಅಂಶ ಇರುವುದರಿಂದ ಅದರ ವಾಸನೆ ಇನ್ನೂ ಜೋರು. ಉಳಿಯುವ ಕಪ್ಪು ಉಂಡೆ ನೋಡಲು ಪಾಲಿಯೆಸ್ಟರಿನದ್ದರ ಹಾಗೇ ಇರಬಹುದು, ಆದರೆ ತಣ್ಣಗಾದ ಮೇಲೆ ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಬೆರಕೆ ಬಟ್ಟೆಯಲ್ಲೇ ಎಲ್ಲರೂ ಎಡವುವುದು. ಹತ್ತಿ, ಪಾಲಿಯೆಸ್ಟರ್ ಸೇರಿದ ನೂಲು ಹತ್ತಿಯ ಹಾಗೇ ಹಳದಿಯಾಗಿ ಉರಿಯುತ್ತದೆ, ಕಾಗದದ ವಾಸನೆಯೂ ಬರುತ್ತದೆ, ಸರಿ ಹತ್ತಿಯೇ ಅಂತ ಬಿಟ್ಟುಬಿಡುತ್ತೀರಿ. ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿ. ಮರಳಿನ ಹಾಗೆ ಏನೋ ಗಟ್ಟಿ ಸಿಕ್ಕಿತು ಅಂದರೆ ಅದು ಪಾಲಿಯೆಸ್ಟರ್. ನಿಮ್ಮ ಹೊದಿಕೆಯಲ್ಲಿ, ಅಂದರೆ ಮೊದಲ ಪತ್ರ ಬರೆದವರೇ, ನೋಡಬೇಕಾದ್ದು ಇದನ್ನೇ. ಹಾಸಿನ, ಅಂದರೆ ಉದ್ದಕ್ಕೆ ಹೋಗುವ ನೂಲು ಒಂದು, ಹೊಕ್ಕಿನ, ಅಂದರೆ ಅಡ್ಡಕ್ಕೆ ಹೋಗುವ ನೂಲು ಒಂದು ತೆಗೆದು ಬೇರೆ ಬೇರೆ ಸುಡಿ. ಹಾಸು ಹತ್ತಿ, ಹೊಕ್ಕು ಪಾಲಿಯೆಸ್ಟರ್ ಇರುವ ಬಟ್ಟೆಗಳು ಎಷ್ಟೋ ಇವೆ.

ಇನ್ನೊಂದು ಕೆಲಸ ಮಾಡಿ, ದಯವಿಟ್ಟು. ಯಾವುದು ಅಂತ ಖಚಿತವಾಗಿ ಗೊತ್ತಿರುವ ಬಟ್ಟೆಗಳಿಂದ ಒಂದೊಂದು ನೂಲು ತೆಗೆದು ಮೊದಲು ಅವನ್ನು ಸುಟ್ಟು ನೋಡಿ. ಹಳೆಯ ಹತ್ತಿ ಬನಿಯನ್ನು, ಕೊಡೆಯ ಬಟ್ಟೆ, ಹೀಗೆ. ವಾಸನೆಯನ್ನು ಓದಿ ಕಲಿಯಲು ಆಗುವುದಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಸುಡದ ನೂಲು ಒಂದು ಕಡೆ, ಸುಟ್ಟ ತುದಿ ಪಕ್ಕದಲ್ಲಿ ಅಂಟಿಸಿ ಇಟ್ಟುಕೊಂಡಿದ್ದೇನೆ. ಇವತ್ತಿಗೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡುವುದು.

ಪ್ರಶ್ನೆ: ರೇಷ್ಮೆ ಅಸಲಿಯಾದರೆ ಉಂಗುರದಲ್ಲಿ ತೂರಿಸಿದರೆ ಸರಾಗವಾಗಿ ಬರುತ್ತದೆ, ಉಜ್ಜಿದರೆ ಬೆಚ್ಚಗಾಗುತ್ತದೆ, ಹಿಸುಕಿದರೆ ಕರಕರ ಸದ್ದು ಬರುತ್ತದೆ ಅಂತ ಕೇಳಿದ್ದೇನೆ. ಇವು ನಿಜವಾ?

ಉಂಗುರದ ಪರೀಕ್ಷೆ ಹೇಳುವುದು ಬಟ್ಟೆ ತೆಳ್ಳಗೆ, ನುಣ್ಣಗೆ ಇದೆ ಅಂತ ಮಾತ್ರ. ತೆಳುವಾದ ಪಾಲಿಯೆಸ್ಟರ್ ಕೂಡ ಸರಾಗವಾಗಿ ಬರುತ್ತದೆ, ದಪ್ಪ ನೇಯ್ಗೆಯ ಅಪ್ಪಟ ರೇಷ್ಮೆ ಬರುವುದೇ ಇಲ್ಲ. ಉಜ್ಜಿ ಬೆಚ್ಚಗಾಗುವುದನ್ನು ಅಳೆಯಲು ನಮ್ಮ ಬೆರಳಿಗೆ ಸಾಧ್ಯವಿಲ್ಲ, ಅದನ್ನು ಬಿಟ್ಟುಬಿಡಿ. ಕರಕರ ಸದ್ದು ರೇಷ್ಮೆಗೆ ಹುಟ್ಟಿನಿಂದ ಬಂದದ್ದಲ್ಲ. ತೆಳು ಆಮ್ಲದಲ್ಲಿ ಅದ್ದಿ ಒಣಗಿಸಿದರೆ ಬರುವ ಗುಣ ಅದು. ಅಸಲಿ ರೇಷ್ಮೆಯಲ್ಲಿ ಸದ್ದು ಇಲ್ಲದೆಯೂ ಇರಬಹುದು.

ಹೊಳಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರೇಷ್ಮೆಯ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂಲೆ ಸವೆದ ತ್ರಿಕೋನದ ಹಾಗೆ ಕಾಣುತ್ತದೆ. ಬೆಳಕು ಅದರಲ್ಲಿ ಬೇರೆ ಬೇರೆ ಕೋನಕ್ಕೆ ಚದುರುತ್ತದೆ. ಅದಕ್ಕೇ ಬಟ್ಟೆ ತಿರುಗಿಸಿದಂತೆ ಬಣ್ಣವೂ ಸ್ವಲ್ಪ ಸ್ವಲ್ಪ ತಿರುಗಿದ ಹಾಗೆ ಅನಿಸುವುದು. ಮಾಮೂಲಿ ಪಾಲಿಯೆಸ್ಟರ್ ಎಳೆ ದುಂಡಗೆ, ಅದರ ಹೊಳಪು ಎಲ್ಲ ಕಡೆಯಿಂದ ಒಂದೇ ಥರದ ಬಿಳಿ ಮಿಂಚು. ಆದರೆ ರೇಷ್ಮೆಯನ್ನು ನೋಡಿಯೇ ಮೂರು ಮೂಲೆಯ ಸಿಂಥೆಟಿಕ್ ಎಳೆಯನ್ನೂ ತಯಾರಿಸುತ್ತಾರೆ. ಹಾಗಾಗಿ ಕಣ್ಣು ಕೊಡುವುದು ಬರೀ ಸುಳಿವು.

ಸಾಕ್ಷಿ ಬೇಕು ಅಂದರೆ ಎರಡು ದಾರಿ. ಒಂದು, ಮೇಲೆ ಹೇಳಿದ ಬೆಂಕಿ. ಎರಡನೆಯದು ಬಟ್ಟೆ ಬಿಳಿ ಮಾಡುವ ಕ್ಲೋರಿನ್ ಬ್ಲೀಚ್ ದ್ರಾವಣ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಇರುವಂಥದ್ದು. ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಒಂದು ತುಂಡು ನೂಲು ಬಿಡಿ. ರೇಷ್ಮೆಯಾದರೆ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ನೂಲು ಉಬ್ಬಿ, ಮೆತ್ತಗಾಗಿ, ಸವೆಯುತ್ತಾ ಕೊನೆಗೆ ಕರಗಿ ಮಾಯವಾಗುತ್ತದೆ. ದ್ರಾವಣ ಹಳೆಯದಾದರೆ ತಡ ಆಗುತ್ತದೆ, ಆತುರ ಬೇಡ. ಉಣ್ಣೆಯೂ ಹೀಗೇ ಕರಗುತ್ತದೆ. ಹತ್ತಿ, ವಿಸ್ಕೋಸ್, ಪಾಲಿಯೆಸ್ಟರ್, ನೈಲಾನ್ ಬಣ್ಣ ಕಳೆದುಕೊಂಡರೂ ಹಾಗೇ ಉಳಿಯುತ್ತವೆ. ಬ್ಲೀಚ್ ಜೊತೆ ಶೌಚಾಲಯ ತೊಳೆಯುವ ಆಮ್ಲ, ಅಮೋನಿಯಾ, ವಿನೆಗರ್ ಏನನ್ನೂ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೆಸರಿನ ಬಗ್ಗೆಯೂ ಎಚ್ಚರ ಇರಲಿ. ‘ಆರ್ಟ್ ಸಿಲ್ಕ್’ನಲ್ಲಿ ಆರ್ಟ್ ಅಂದರೆ ಕಲೆ ಅಲ್ಲ, ಆರ್ಟಿಫಿಷಿಯಲ್ ಅನ್ನುವುದರ ಮೊಟಕು. ಸ್ಯಾಟಿನ್, ಕ್ರೇಪ್, ಶಿಫಾನ್, ವೆಲ್ವೆಟ್ ಇವು ಬಟ್ಟೆಯನ್ನು ಹೇಗೆ ನೇಯ್ದಿದ್ದಾರೆ ಅನ್ನುವ ಹೆಸರುಗಳು. ರೇಷ್ಮೆಯದ್ದೂ ಇರಬಹುದು, ಪಾಲಿಯೆಸ್ಟರಿನದ್ದೂ ಇರಬಹುದು.

ಪ್ರಶ್ನೆ: ವಿಸ್ಕೋಸ್, ಮೋಡಲ್, ‘ಬಿದಿರಿನ ಬಟ್ಟೆ’ ಇವೆಲ್ಲ ನೈಸರ್ಗಿಕವಾ, ಸಿಂಥೆಟಿಕ್ಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಬ್ಬರು ಹೇಳುವುದರಲ್ಲೂ ಅರ್ಧ ಅರ್ಧ ಸತ್ಯ ಇದೆ. ನೈಸರ್ಗಿಕ, ಸಿಂಥೆಟಿಕ್ ಅಂತ ಎರಡೇ ಡಬ್ಬಿ ಇಟ್ಟುಕೊಂಡರೆ ಇವು ಯಾವುದರಲ್ಲೂ ಕೂರುವುದಿಲ್ಲ. ವಸ್ತು ಮರದ್ದು, ಎಳೆ ಕಾರ್ಖಾನೆಯದ್ದು. ಮರದ ತಿರುಳಿನ ಸೆಲ್ಯುಲೋಸನ್ನು ರಾಸಾಯನಿಕದಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಒತ್ತಿ ಹೊರಡಿಸಿ, ಮತ್ತೆ ಗಟ್ಟಿ ಎಳೆ ಮಾಡುತ್ತಾರೆ. ಪಾಲಿಯೆಸ್ಟರ್, ನೈಲಾನ್ ಹಾಗಲ್ಲ. ಅವುಗಳ ವಸ್ತುವನ್ನೇ ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ಹೊಸದಾಗಿ ಕಟ್ಟುತ್ತಾರೆ.

ಇದರ ಹಿಂದಿನ ಕಥೆ ನನಗೆ ಯಾವಾಗಲೂ ಇಷ್ಟ. ರೇಷ್ಮೆಹುಳು ಅಂಟು ಎಳೆದು ದಾರ ಮಾಡುತ್ತದಲ್ಲ, ನಾವೂ ಹಾಗೆ ಯಾಕೆ ಮಾಡಬಾರದು ಅಂತ ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲೇ ಬರೆದಿದ್ದರು. ಅದು ಕೈಗೂಡಲು ಇನ್ನೂರು ವರ್ಷದ ಮೇಲೆ ಹಿಡಿಯಿತು. ಫ್ರಾನ್ಸಿನ ಶಾರ್ಡೊನೆ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೃತಕ ರೇಷ್ಮೆ ತೋರಿಸಿದರು. ಆದರೆ ಅದು ನೈಟ್ರೋಸೆಲ್ಯುಲೋಸ್, ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುವ ವಸ್ತು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಮೂವರು ವಿಸ್ಕೋಸ್ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತು ನೀವು ಕೊಳ್ಳುವ ವಿಸ್ಕೋಸ್ ಆ ದಾರಿಯದ್ದೇ. ಇಂಥ ಕೃತಕ ರೇಷ್ಮೆಗೆ ‘ರೇಯಾನ್’ ಅನ್ನುವ ಹೆಸರು 1924ರಲ್ಲಿ ಬಂತು, ವಿಸ್ಕೋಸ್ ಕೂಡ ರೇಯಾನೇ. ಅಪ್ಪಟ ಸಿಂಥೆಟಿಕ್ ಎಳೆಗಳು ಆಮೇಲಿನವು. ಡ್ಯುಪಾಂಟ್ ಕಂಪನಿಯಲ್ಲಿ ಕ್ಯಾರದರ್ಸ್ ತಂಡ ನೈಲಾನ್ ಮಾಡಿದ್ದು 1935ರಲ್ಲಿ, ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆ ಮಾಡಿದ್ದು 1941ರಲ್ಲಿ.

ಬಿದಿರಿನ ಬಟ್ಟೆ ಅಂತ ಮಾರುವ ಮೆತ್ತನೆಯ ಬಟ್ಟೆಗಳಲ್ಲಿ ಬಹುಪಾಲು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ, ರೇಯಾನನ್ನು ಬಿದಿರಿನ ನಾರು ಅಂತ ಮಾರುತ್ತಿದ್ದ ಕೆಲವು ಕಂಪನಿಗಳ ಮೇಲೆ ಕ್ರಮ ಕೈಗೊಂಡಿತ್ತು.

ಹತ್ತಿ ಮತ್ತು ವಿಸ್ಕೋಸ್ ಎರಡೂ ಒಂದೇ ಥರ ಉರಿಯುತ್ತವೆ ಅಂದೆನಲ್ಲ, ಹಾಗಾದರೆ ಹೇಗೆ ಬೇರೆ ಮಾಡುವುದು? ಇದಕ್ಕೆ ಬಹಳ ಸರಳ ಪರೀಕ್ಷೆ ಇದೆ. ಒಂದು ಗೇಣು ನೂಲು ತೆಗೆದುಕೊಳ್ಳಿ. ನಡುವೆ ಮಾತ್ರ ಒಂದು ಹನಿ ನೀರಿನಿಂದ ಒದ್ದೆ ಮಾಡಿ, ಅರ್ಧ ನಿಮಿಷ ಬಿಡಿ. ಎರಡು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ವಿಸ್ಕೋಸ್ ಆದರೆ ಸರಿಯಾಗಿ ಒದ್ದೆಯಾದ ಜಾಗದಲ್ಲೇ ಹರಿಯುತ್ತದೆ, ನೆನೆದಾಗ ಅದರ ಬಲ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹತ್ತಿ ನೆನೆದರೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಒಣಗಿರುವ ಕಡೆ ಹರಿಯುತ್ತದೆ. ಐದಾರು ನೂಲು ಎಳೆದು ನೋಡಿ, ಒಂದರಿಂದ ತೀರ್ಮಾನ ಬೇಡ. ಮೋಡಲ್, ಅದೇ ಜಾತಿಯ ಲಯೋಸೆಲ್ ನೆನೆದಾಗ ಇಷ್ಟು ಬಲ ಕಳೆದುಕೊಳ್ಳುವುದಿಲ್ಲ, ಅವುಗಳ ವಿಷಯದಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟ ಅಲ್ಲ.

ಈ ಪಾಠವನ್ನು ನಾನು ಕಲಿತದ್ದು ಬಟ್ಟೆ ಕಳೆದುಕೊಂಡೇ. ನನಗೆ ತುಂಬ ಇಷ್ಟವಾಗಿದ್ದ ಒಂದು ಮೆತ್ತನೆಯ ಅಂಗಿಯನ್ನು ಹತ್ತಿ ಅಂತಲೇ ತಿಳಿದು ಒಗೆದು ಜೋರಾಗಿ ಹಿಂಡಿದೆ. ಹೆಗಲ ಹತ್ತಿರ ಹೊಲಿಗೆಯಲ್ಲ, ಬಟ್ಟೆಯೇ ಸೀಳಿಹೋಯಿತು. ಆಮೇಲೆ ಅದರ ನೂಲು ಎಳೆದು ನೋಡಿದೆ, ಪ್ರತಿ ಸಲವೂ ಒದ್ದೆಯಾದ ಕಡೆಯೇ ತುಂಡಾಯಿತು. ವಿಸ್ಕೋಸ್ ಬಟ್ಟೆಯನ್ನು ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ಸಾಕು.

ಪ್ರಶ್ನೆ: ಅಮ್ಮನ ಹಳೆಯ ಶಾಲು ನನ್ನ ಹತ್ತಿರ ಇದೆ. ಉಣ್ಣೆಯದ್ದು ಅನ್ನುತ್ತಿದ್ದರು. ಈಗ ಅಲ್ಲಲ್ಲಿ ಸಣ್ಣ ತೂತು ಬಿದ್ದಿವೆ. ಇದು ಉಣ್ಣೆಯಾ, ಅಕ್ರಿಲಿಕ್ಕಾ? ಸುಡಲು ಮನಸ್ಸು ಬರುವುದಿಲ್ಲ.

ಸುಡಬೇಕಾಗಿಲ್ಲ. ಆ ತೂತುಗಳೇ ಅರ್ಧ ಉತ್ತರ. ಬಟ್ಟೆ ತಿನ್ನುವ ಪತಂಗದ ಮರಿಹುಳು ಕೆರಾಟಿನ್ ಜೀರ್ಣ ಮಾಡಿಕೊಳ್ಳುತ್ತದೆ. ಉಣ್ಣೆ, ಕೂದಲು, ಗರಿ ಎಲ್ಲ ಕೆರಾಟಿನ್. ಅಕ್ರಿಲಿಕ್ ಅದಕ್ಕೆ ಆಹಾರವೇ ಅಲ್ಲ. ಬೆರಕೆ ಬಟ್ಟೆಯನ್ನೂ, ಬೆವರು ಕಲೆ ಇರುವ ಬೇರೆ ಬಟ್ಟೆಯನ್ನೂ ಅದು ಕಡಿಯುವುದುಂಟು, ಆದರೂ ಒಳ್ಳೆಯ ಸುಳಿವು.

ಇನ್ನರ್ಧಕ್ಕೆ ನಿಮ್ಮ ಬೆರಳು ಸಾಕು. ಮೊದಲು ನಿಮ್ಮ ತಲೆಯದ್ದೇ ಒಂದು ಕೂದಲು ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು, ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಕೂದಲು ತಾನೇ ಒಂದೇ ಕಡೆಗೆ ಚಲಿಸುತ್ತದೆ, ಬುಡ ಮುಂದಾಗಿ. ತಿರುಗಿಸಿ ಹಿಡಿದರೆ ಅದೂ ತಿರುಗಿ ಹೊರಡುತ್ತದೆ. ಕೂದಲಿನ ಮೇಲಿನ ಹೆಂಚಿನಂಥ ಹುರುಪೆಗಳು ತುದಿಯ ಕಡೆ ಮುಖ ಮಾಡಿರುವುದರಿಂದ ಹಾಗೆ. ಉಣ್ಣೆಗೂ ಅದೇ ಹುರುಪೆಗಳಿವೆ. ಶಾಲಿನ ಕುಚ್ಚಿನಿಂದ ಒಂದೇ ಒಂದು ನಾರು ಬಿಡಿಸಿ ಹೀಗೆ ಉಜ್ಜಿ ನೋಡಿ. ಬಹಳ ನವಿರಾದ ಉಣ್ಣೆಯಲ್ಲಿ ಸ್ವಲ್ಪ ತಾಳ್ಮೆ ಬೇಕು, ನಾಲ್ಕಾರು ನಾರು ಪ್ರಯತ್ನಿಸಿ. ಅಕ್ರಿಲಿಕ್ ನಾರು ಎತ್ತಲೂ ಹೊರಡುವುದಿಲ್ಲ, ಇದ್ದಲ್ಲೇ ಹೊರಳಾಡುತ್ತದೆ. ಉಣ್ಣೆ ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ದಪ್ಪಗಾಗುವುದೂ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದಲೇ. ಆದ್ದರಿಂದ ಶಾಲನ್ನು ತಣ್ಣೀರಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ, ಹರವಿ ಒಣಗಿಸಿ.

ತೂತು ದೊಡ್ಡದಾಗಬಾರದು ಅಂದರೆ ಇವತ್ತೇ ಶಾಲನ್ನು ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಒಳಗೆ ಹುಳು, ಮೊಟ್ಟೆ ಇದ್ದರೆ ಸಾಯುತ್ತವೆ. ಅಮ್ಮನ ಶಾಲು, ಉಳಿಸಿಕೊಳ್ಳಿ.

ಪ್ರಶ್ನೆ: ಉಗುರುಬಣ್ಣ ತೆಗೆಯುವ ದ್ರವ ಕೋಟಿನ ಮೇಲೆ ಚೆಲ್ಲಿತು. ಹೊರಬಟ್ಟೆಗೆ ಏನೂ ಆಗಲಿಲ್ಲ, ಒಳಗಿನ ಅಸ್ತರು ಮಾತ್ರ ಅಂಟಂಟಾಗಿ ತೂತಾಯಿತು. ಯಾಕೆ?

ನಿಮ್ಮ ಅಸ್ತರು ಅಸಿಟೇಟ್ ಅನ್ನುವ ಕೃತಕ ನಾರಿನದ್ದು. ಉಗುರುಬಣ್ಣ ತೆಗೆಯುವ ಎಷ್ಟೋ ದ್ರವಗಳಲ್ಲಿ ಅಸಿಟೋನ್ ಇರುತ್ತದೆ, ಅಸಿಟೇಟ್ ಅದರಲ್ಲಿ ಸಕ್ಕರೆಯ ಹಾಗೆ ಕರಗುತ್ತದೆ. ಹತ್ತಿ, ಉಣ್ಣೆ, ರೇಷ್ಮೆ, ಪಾಲಿಯೆಸ್ಟರ್, ನೈಲಾನಿಗೆ ಏನೂ ಆಗುವುದಿಲ್ಲ. ಅಂದರೆ ಗೊತ್ತಿಲ್ಲದೆ ನೀವು ಪರೀಕ್ಷೆ ಮಾಡಿಬಿಟ್ಟಿದ್ದೀರಿ. ಸುಟ್ಟು ನೋಡಿದರೆ ಅಸಿಟೇಟ್ ಕರಗುತ್ತಾ ಉರಿಯುತ್ತದೆ, ವಿನೆಗರಿನ ಹುಳಿ ವಾಸನೆ ಬರುತ್ತದೆ. ಅಸಿಟೋನ್ ಇಟ್ಟ ಕೋಣೆಯಲ್ಲಿ ಮಾತ್ರ ಬೆಂಕಿ ಹಚ್ಚಬೇಡಿ.

ಪ್ರಶ್ನೆ: ಅಂಗಿಯಲ್ಲಿ ಹತ್ತಿ ಎಷ್ಟು ಪಾಲು, ಪಾಲಿಯೆಸ್ಟರ್ ಎಷ್ಟು ಪಾಲು ಅಂತ ಮನೆಯಲ್ಲೇ ಅಳೆಯಬಹುದಾ?

ಆಗುವುದಿಲ್ಲ. ಬೆರಕೆ ಇದೆಯೋ ಇಲ್ಲವೋ ಅಷ್ಟು ಹೇಳಬಹುದು. ಪ್ರಯೋಗಾಲಯದಲ್ಲಿ ಬಟ್ಟೆಯನ್ನು ಒಣಗಿಸಿ ತೂಗಿ, 75% ಗಂಧಕಾಮ್ಲದಲ್ಲಿ ಹತ್ತಿಯನ್ನು ಕರಗಿಸಿ, ಉಳಿದ ಪಾಲಿಯೆಸ್ಟರನ್ನು ತೊಳೆದು ಒಣಗಿಸಿ ಮತ್ತೆ ತೂಗುತ್ತಾರೆ. ಆ ಆಮ್ಲವನ್ನು ಮನೆಗೆ ತರುವ ಯೋಚನೆಯನ್ನೇ ಮಾಡಬೇಡಿ.

ಪ್ರಶ್ನೆ: ಒಲೆಯ ಮುಂದೆ ನಿಲ್ಲುವಾಗ ಹತ್ತಿ ಬಟ್ಟೆಯೇ ಕ್ಷೇಮ ಅನ್ನುತ್ತಾರೆ. ನಿಜ ತಾನೇ?

ಪೂರ್ತಿ ನಿಜ ಅಲ್ಲ. ಹತ್ತಿ ಕರಗಿ ಚರ್ಮಕ್ಕೆ ಅಂಟುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಅದು ಬೇಗ ಹತ್ತಿಕೊಳ್ಳುತ್ತದೆ, ತೆಳುವಾಗಿ ಸಡಿಲವಾಗಿ ಜೋತಾಡುತ್ತಿದ್ದರಂತೂ ಇನ್ನೂ ಬೇಗ. ಬರೀ ಪಾಲಿಯೆಸ್ಟರ್ ಬೆಂಕಿಯಿಂದ ಮುದುಡಿ ದೂರ ಸರಿಯುತ್ತದೆ, ಕರಗಿದ ಹನಿ ಮಾತ್ರ ಆಳವಾಗಿ ಸುಡುತ್ತದೆ. ಎರಡರ ಬೆರಕೆಯಲ್ಲಿ ಹತ್ತಿ ಬತ್ತಿಯ ಹಾಗೆ ನಿಂತು, ಕರಗಿದ ಪಾಲಿಯೆಸ್ಟರನ್ನು ಹಿಡಿದುಕೊಂಡು ಉರಿಸುತ್ತದೆ. ಬೆಂಕಿಗೆ ಸುಲಭವಾಗಿ ಬಗ್ಗದ್ದು ಉಣ್ಣೆ. ಯಾವ ಬಟ್ಟೆಯಾದರೂ ಒಲೆಯ ಮುಂದೆ ಮೈಗೆ ಹತ್ತಿರ ಇರಲಿ, ತೋಳು ಮಡಚಿರಲಿ, ಶಾಲು ಬೇಡ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ವಿಜ್ಞಾನದ ಪ್ರಾಜೆಕ್ಟಿಗೆ ನಾರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಅಂತಿದ್ದೇನೆ. ಶಾಲೆಯದ್ದು 100 ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ, ಸಾಕಾ?

ಧಾರಾಳವಾಗಿ ಸಾಕು. ಒಂದು ಹನಿ ನೀರಿನಲ್ಲಿ ನಾಲ್ಕೈದು ನಾರು ಬಿಡಿಬಿಡಿಯಾಗಿ ಇಟ್ಟು ಮೇಲೆ ತೆಳುಗಾಜು ಮುಚ್ಚು. ಬಿಳಿ ಅಥವಾ ತಿಳಿ ಬಣ್ಣದ್ದನ್ನೇ ಆರಿಸಿಕೋ, ಗಾಢ ಬಣ್ಣದ್ದರಲ್ಲಿ ವಿವರ ಮುಚ್ಚಿಹೋಗುತ್ತದೆ. ಹತ್ತಿ ಅಲ್ಲಲ್ಲಿ ತಿರುಚಿದ ಚಪ್ಪಟೆ ರಿಬ್ಬನ್ನಿನ ಹಾಗೆ ಕಾಣುತ್ತದೆ. ಗಿಡದಲ್ಲಿದ್ದಾಗ ಅದು ಒಳಗೆ ರಸ ತುಂಬಿದ ಸಣ್ಣ ಕೊಳವೆ. ಕಾಯಿ ಒಡೆದು ಒಣಗಿದಾಗ ಕುಸಿದು ತಿರುಚಿಕೊಳ್ಳುತ್ತದೆ. ಲಿನನ್ ನಾರಿನಲ್ಲಿ ಬಿದಿರಿನ ಗೆಣ್ಣಿನ ಹಾಗೆ ಅಡ್ಡ ಗುರುತುಗಳಿರುತ್ತವೆ. ಉಣ್ಣೆಯ ಹುರುಪೆ ಕಾಣಬೇಕಾದರೆ ಬೆಳಕು ಸ್ವಲ್ಪ ಕಡಿಮೆ ಮಾಡು. ವಿಸ್ಕೋಸಿನಲ್ಲಿ ಉದ್ದಕ್ಕೆ ಗೆರೆ ಎಳೆದ ಹಾಗಿರುತ್ತದೆ.

ಪಾಲಿಯೆಸ್ಟರ್ ಗಾಜಿನ ಕಡ್ಡಿಯ ಹಾಗೆ, ಒಂದೇ ದಪ್ಪ, ಗೆರೆಯಿಲ್ಲ, ಗೆಣ್ಣಿಲ್ಲ. ಅದರೊಳಗೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕಿಗಳು ಕಂಡರೆ ಗಾಜನ್ನು ಮತ್ತೆ ಮತ್ತೆ ಒರೆಸಲು ಹೋಗಬೇಡ, ಅದು ಕೊಳೆ ಅಲ್ಲ. ಎಳೆಯ ಮಿಂಚು ತಗ್ಗಿಸಲು ಬೆರೆಸಿದ ಟೈಟಾನಿಯಂ ಡೈಆಕ್ಸೈಡಿನ ಕಣಗಳು ಅವು. ಚಿತ್ರ ಬರೆಯುವಾಗ ಅವನ್ನೂ ಬರೆ.